ಮೂರನೆಯ ತುಂಡು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದುಹೋಗುವವರ ಪೈಕಿ ನಾನು. ಕಣ್ಣಿಗೆ ಕಂಡದ್ದು, ಮೀಟರಿನಲ್ಲಿ ಮೂಡಿದ್ದು, ಅಷ್ಟೇ ನನಗೆ ನಿಜ. ಹಾಗಾಗಿ ನೀವು ಇದನ್ನು ನಂಬಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮಾಲೂರಿನ ಒಂದು ಪರೀಕ್ಷಾ ಘಟಕದಲ್ಲಿ ನನ್ನ ಕೆಲಸ. ಮುರಿದ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ರಾಡುಗಳು ಮೈಯೊಳಗೆ ಸವೆಯದಿರಲೆಂದು ಅವುಗಳ ಮೇಲ್ಮೈಗೆ ತೆಳುವಾದ ಪದರ ಕೊಟ್ಟಿರುತ್ತಾರೆ. ಅಂಥ ರಾಡಿನ ತುಂಡನ್ನು ಮೈಶಾಖದ ಉಪ್ಪುನೀರಿನಲ್ಲಿ ಮುಳುಗಿಸಿ, ಪದರ ಸೋಲುವವರೆಗೆ ವೋಲ್ಟೇಜ್ ಏರಿಸುತ್ತ ಹೋಗುವುದು ನಮ್ಮ ಪರೀಕ್ಷೆ. ಒಂದು ವರದಿಗೆ ಮೂರು ತುಂಡು.

ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ರಾಯಲ್ಪಾಡಿನ ಚಿಕ್ಕಮ್ಮ. ನಾಲ್ಕು ವರ್ಷದ ಹಿಂದೆ ಟೊಮೇಟೊ ತೋಟದಲ್ಲಿ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡಾಗ ಅವಳಿಗೂ ಅಂಥದೇ ರಾಡು ಹಾಕಿದ್ದರು. ಐದು ತಿಂಗಳಲ್ಲಿ ಕೋಲು ಬಿಟ್ಟು ನಡೆಯುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮೊದಲ ತುಂಡಿನ ಪದರ ಒಡೆಯಿತು. ಆ ಕ್ಷಣವೇ ಅವಳ ಫೋನ್ ಬಂತು.

“ಏಮ್ರಾ, ಕೆಲ್ಸದಲ್ಲಿದ್ದೀಯಾ? ಕಾಲೊಳಗೆ ಉಪ್ಪುನೀರು ಕುದ್ದಂಗೆ ಆಗ್ತೈತೆ ಕಣೋ.”

“ಉಪ್ಪುನೀರು ಯಾಕಂದೆ ಚಿಕ್ಕಮ್ಮ?”

“ನಂಗೇನ್ ಗೊತ್ತು, ಬಾಯಿಗೆ ಬಂತು ಹೇಳ್ದೆ.”

ನಾನೇನು ಕೆಲಸ ಮಾಡುತ್ತೇನೆಂದು ಅವಳಿಗೆ ಎಂದೂ ಹೇಳಿರಲಿಲ್ಲ. ಅಂದು ಸಂಜೆ ಶ್ರೀನಿವಾಸಪುರದ ಡಾಕ್ಟರು ಎಕ್ಸ್‌ರೇ ನೋಡಿ, ಎಲ್ಲ ಸರಿಯಿದೆ ಎಂದರು. ಮಂಗಳವಾರ ಎರಡನೆಯ ತುಂಡು ಸೋತಾಗ ಮತ್ತೆ ಅದೇ ಫೋನ್, ಅದೇ ನೋವು.

ಬುಧವಾರ ಕೈ ಹಿಂಜರಿಯಿತು. ಪರೀಕ್ಷೆಯನ್ನು ಮುಂದೂಡಬಹುದಿತ್ತು. ಆದರೆ ಇಷ್ಟಕ್ಕೆ ಹೆದರಿದೆನಲ್ಲ ಎಂದು ನಾಚಿಕೆಯಾಗಿ, ಫೋನ್ ಆಫ್ ಮಾಡಿ ಕೂತೆ. ಮೂರನೆಯ ತುಂಡು ಸುಲಭಕ್ಕೆ ಸೋಲಲಿಲ್ಲ. ನಾನು ಏರಿಸುತ್ತಲೇ ಹೋದೆ. ಹನ್ನೊಂದು ನಲವತ್ತಕ್ಕೆ ಒಡೆಯಿತು.

ಫೋನ್ ಆನ್ ಮಾಡಿದೊಡನೆ ಚಿಕ್ಕಮ್ಮನ ಮಗಳು ಲತಾಳ ಕರೆ ಬಂತು, ಅಳುತ್ತಿದ್ದಳು. ಟೊಮೇಟೊ ಆರಿಸುತ್ತಿದ್ದ ಚಿಕ್ಕಮ್ಮ ಹನ್ನೊಂದೂವರೆಯ ಮೇಲೆ ತೊಡೆ ಹಿಡಿದುಕೊಂಡು ಕುಸಿದಳಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಹೃದಯಾಘಾತ ಎಂದರು.

ಆಮೇಲೆ ಅವಳ ಆಪರೇಷನ್ ಕಾಗದಗಳನ್ನು ತೆಗೆದು ನೋಡಿದೆ. ಅವಳ ರಾಡು ಬೇರೆಯೇ ಕಂಪನಿಯದು. ನಾನು ಮುಳುಗಿಸಿದ ತುಂಡುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅದರಿಂದ ನನಗೆ ಸಮಾಧಾನ ಸಿಗಬೇಕಿತ್ತು, ಸಿಗಲಿಲ್ಲ.

ಹನ್ನೊಂದನೆಯ ದಿನ ಲತಾ ನನ್ನ ಪಕ್ಕ ಬಂದು ಕೂತಳು.

“ಅಣ್ಣಾ, ಬಿದ್ದಾಗ ಅಮ್ಮ ನಿನ್ನ ಹೆಸ್ರು ಹೇಳಿ, ‘ಇನ್ನು ಸಾಕು ಅನ್ನು ಅವ್ನಿಗೆ’ ಅಂದ್ಳು. ಏನು ಸಾಕು ಅಂತ?”

ಗೊತ್ತಿಲ್ಲ ಎಂದೆ. ಆ ಮಾತು ನಿಜವೋ ಸುಳ್ಳೋ, ಇವತ್ತಿಗೂ ನನಗೆ ತಿಳಿಯದು.