ಕಲ್ಲಿಗೆ ಪಟ್ಟಿ ಹಾಕಿದ ಸಿಸ್ಟರ್

ಸುವಾರ್ತಮ್ಮ ಸಿಸ್ಟರ್ ಯಾರ ಮನೆಗೆ ಹೋದರೂ ಬಾಗಿಲು ತಟ್ಟುತ್ತಿರಲಿಲ್ಲ. ವಾರ್ಡಿಗೆ ನುಗ್ಗಿದ ಹಾಗೆ ನುಗ್ಗಿ, ಸೊಂಟದ ಮೇಲೆ ಕೈಯಿಟ್ಟು, "ಏನಾಗ್ಯದ ಇಲ್ಲಿ?" ಎನ್ನುತ್ತಿದ್ದರು. ಏನೂ ಆಗಿರದಿದ್ದರೂ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ನರ್ಸ್ ಕೆಲಸದಿಂದ ನಿವೃತ್ತರಾಗಿ ಬೀದರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಆಸ್ಪತ್ರ್ಯಾಗ ಗಂಡಸರ ನಾಟಕ ನೋಡಿ ನೋಡಿ ಸಾಕಾಗ್ಯದ. ಮನಿಗಿ ಬ್ಯಾರೆ ಒಬ್ಬನ್ನ ತರ್ಲೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಾವು ಮನೆ ಕಟ್ಟಿಸಿದಾಗ ಅಡುಗೆಮನೆಯ ಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸಿದೆವು. ಓಣಿಯ ಹೆಂಗಸರೆಲ್ಲ ಬಂದು ಹೊಗಳಿದ್ದೇ ತಡ, ನನ್ನ ತಲೆ ತಿರುಗಿತು. ಕಲೆ ಬಿದ್ದೀತೆಂದು ಹೆದರಿ ಹಿತ್ತಿಲಲ್ಲಿ ತಗಡು ಹೊದಿಸಿ, ಅಲ್ಲೇ ಗ್ಯಾಸ್ ಒಲೆ ಇಟ್ಟು ಅಡುಗೆ ಮಾಡತೊಡಗಿದೆ. ಯಜಮಾನರು ಚಹಾದ ಕಪ್ಪು ಹಿಡಿದು ಒಳಗೆ ಕಾಲಿಡಲು ಅಂಜುತ್ತಿದ್ದರು. ಮಗಳು ನೀರು ಕುಡಿಯಬೇಕಾದರೂ ನನ್ನ ಮುಖ ನೋಡುತ್ತಿದ್ದಳು. ಬೇಸಿಗೆ ಬಂತು. ಬೀದರಿನ ಬಿಸಿಲು ಗೊತ್ತಲ್ಲ! ಒಂದು ಮಧ್ಯಾಹ್ನ ತಗಡಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದವಳು ಅಲ್ಲೇ ಕುಸಿದು ಬಿದ್ದೆ.

ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದವರು ಸಿಸ್ಟರ್. ಹಿತ್ತಿಲ ಒಲೆ ನೋಡಿದರು, ಒಳಗಿನ ಕಟ್ಟೆ ನೋಡಿದರು.

"ಒಳಗ ಇಷ್ಟು ಚಂದ ಕಟ್ಟಿ ಅದ. ಹೊರಗ ಬಂದು ಯಾಕ ಸಾಯ್ಲಿಕ್ಕತ್ತಿ?"

"ದಾಗ ಬೀಳ್ತಾವ್ರಿ ಸಿಸ್ಟರ್."

ಅವರು ಸೀದಾ ಒಲೆಯತ್ತ ನಡೆದರು. ನಾನು ಕುದಿಸಿಟ್ಟಿದ್ದ ಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅರಿಶಿನದ ಬೇಳೆಯನ್ನು ಒಂದು ಸೌಟು ತುಂಬ ಆ ಬಿಳಿ ಕಲ್ಲಿನ ನಟ್ಟನಡುವೆ ಸುರಿದೇಬಿಟ್ಟರು!

"ಅಯ್ಯಯ್ಯಯ್ಯೋ, ಏನ್ ಮಾಡಿದ್ರೀ!" ಎಂದು ಕಿರುಚಿ, ನಿಂಬೆಹಣ್ಣು ಕತ್ತರಿಸಿ ಓಡಿದೆ. ಕೈಮೇಲೆ ಫಟ್ಟನೆ ಏಟು ಬಿತ್ತು.

"ಹುಳಿ ಹಚ್ಚಬ್ಯಾಡ! ತಾಮ್ರದ ತಂಬಿಗಿ ಅಲ್ಲ ಇದು. ಹುಳಿ ತಾಗಿದ್ರ ಕಲ್ಲು ಸುಡ್ತದ. ದಾಗ ಹೋಗ್ತದ, ಸುಟ್ಟದ್ದು ಹೋಗಂಗಿಲ್ಲ."

ಸಂಜೆಯವರೆಗೆ ಒರೆಸಲೂ ಬಿಡಲಿಲ್ಲ ಪುಣ್ಯಾತ್ಗಿತ್ತಿ! ನಾನು ಅಳುತ್ತ ಕೂತಿದ್ದೆ. ಆಮೇಲೆ ಗಾಯ ತೊಳೆಯುವ ಪೆರಾಕ್ಸೈಡ್ ಬಾಟಲಿ ಹಿಡಿದು ಬಂದರು. ಒಣಗಿದ ಬೇಳೆ ತೆಗೆದು, ಅಡುಗೆ ಸೋಡಾಕ್ಕೆ ಪೆರಾಕ್ಸೈಡ್ ಸುರಿದು ಶ್ರೀಖಂಡದಷ್ಟು ಗಟ್ಟಿ ಕಲಸಿ, ಹಳದಿ ಕಲೆಯ ಮೇಲೆ ದಪ್ಪಗೆ ಬಳಿದರು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕೂ ಕಡೆ ಆಸ್ಪತ್ರೆಯ ಟೇಪು ಅಂಟಿಸಿದರು. "ನಾಳಿ ಸಂಜಿ ತನ ಬಿಚ್ಚಬ್ಯಾಡ," ಎಂದು ಹುಕುಂ ಮಾಡಿ ಹೋದರು.

ಮರುದಿನ ಔರಾದಿನಿಂದ ಬಂದ ನಮ್ಮ ಅತ್ತೆ ಕಟ್ಟೆ ನೋಡಿ ಬೆಚ್ಚಿಬಿದ್ದರು. "ಕಲ್ಲಿಗಿ ಏನ್ ಬ್ಯಾನಿ ಬಂತವ್ವಾ?"

ಪಟ್ಟಿ ಬಿಚ್ಚಿದಾಗ ಮಾಸಲು ಹಳದಿ ಉಳಿದಿತ್ತು. ಇನ್ನೊಮ್ಮೆ ಹಾಕಿದ ಮೇಲೆ ಅದೂ ಹೋಯಿತು. ಸಿಸ್ಟರ್ ಹಿತ್ತಿಲ ಒಲೆಯನ್ನು ತಾವೇ ಎತ್ತಿ ತಂದು ಮಾರ್ಬಲ್ ಮೇಲೆ ಇಟ್ಟರು. "ಇನ್ನ ಹೊರಗ ಅಡಗಿ ಮಾಡಿದಿ ಅಂದ್ರ ಕೊಡ ತುಂಬ ಬ್ಯಾಳಿ ಸುರೀತೇನಿ ನೋಡು!"

ಕೆಲವು ವರ್ಷಗಳ ಮೇಲೆ ಅವರಿಗೆ ಮರೆವು ಶುರುವಾಯಿತು. ತಂಗಿ ಬಂದು ಭಾಲ್ಕಿಗೆ ಕರೆದೊಯ್ದರು. ಹೋದ ತಿಂಗಳು ನೋಡಲು ಹೋದೆ.

"ಯಾರವ್ವಾ ನೀ? ಯಾವ ವಾರ್ಡಿನಾಕಿ?" ಎಂದರು.

"ನಾ ಸುರೇಖಾ ರೀ, ಬೀದರಿನಾಕಿ," ಎಂದೆ. ಹೆಸರಿನಿಂದ ಅವರಿಗೆ ಗುರುತು ಹತ್ತಲಿಲ್ಲ. ಊರಿನ ಹೆಸರಿಗೆ ಮುಖ ಅರಳಿತು.

"ಬೀದರ್ದಾಗ ನಮ್ಮ ಮಗ್ಗಲ ಮನ್ಯಾಗ ಒಬ್ಬಾಕಿ ಇದ್ಳು, ಹುಚ್ಚಿ! ಕಲ್ಲಿಗಿ ದಾಗ ಬೀಳ್ತದಂತ ಬಿಸಿಲಾಗ ಕುಂತು ಅಡಗಿ ಮಾಡ್ತಿದ್ಳು." ನಕ್ಕರು. ನನ್ನ ಕೈ ಹಿಡಿದುಕೊಂಡರು. "ಭಾಳ ಹೆದರಾಕಿ ಅದು. ಈಗರೆ ಒಳಗ ಅಡಗಿ ಮಾಡ್ತಾಳೇನವ್ವಾ?"

"ಒಳಗೇ ಮಾಡ್ತಾಳ್ರಿ ಸಿಸ್ಟರ್."

"ಕಟ್ಟಿ ಮ್ಯಾಲ ದಾಗ ಬಿದ್ದಾವೇನು?"

"ಬೇಕಾದಷ್ಟು ಬಿದ್ದಾವ್ರಿ."

"ಹಂಗಾದ್ರ ಆರಾಮ ಆಗ್ಯಾಳ. ಡಿಸ್ಚಾರ್ಜ್ ಮಾಡ್ರಿ ಆಕಿನ್ನ," ಎಂದು ನನ್ನ ಕೈ ಬಿಟ್ಟರು.