ಮುದ್ರೆ ಬಿದ್ದ ಕರು

ಹರಳೆಣ್ಣೆ ಕಾಯುವ ವಾಸನೆ ಎಲ್ಲಿ ಬಂದರೂ ಅಕ್ಕೂರಿನ ನಮ್ಮ ಹಳೆಯ ಕೊಟ್ಟಿಗೆ ಕಣ್ಣೆದುರು ನಿಲ್ಲುತ್ತದೆ: ಗಂಜಲದ ಘಾಟು, ಪಕ್ಕದ ರೇಷ್ಮೆ ಹುಳುಮನೆಯಿಂದ ಹಸಿ ಸೊಪ್ಪಿನ ಕಂಪು, ಕೆಂಡದಲ್ಲಿ ಕಾದ ಕಬ್ಬಿಣದ ಮುದ್ರೆ, ಕರುವಿನ ಸುಟ್ಟ ತೊಡೆಗೆ ಅರಿಸಿನ ಬೆರೆಸಿದ ಎಣ್ಣೆ ಸವರುತ್ತಿದ್ದ ತಾತನ ಅಗಲವಾದ ಕೈ. ನಮ್ಮ ಮನೆಯ ಪದ್ಧತಿ ಅದು. ಹಸು ಚೊಚ್ಚಲಿಗೇ ಗಂಡುಗರು ಹಾಕಿದರೆ ಅದು ದೇವರದು. ಮುದ್ರೆ ಬಿದ್ದ ಮೇಲೆ ಅದನ್ನು ನೇಗಿಲಿಗೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ. ನಾನು ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರುವಿನ ಸರದಿ ಬಂದಾಗ ನನಗೆ ಹನ್ನೊಂದು ವರ್ಷ. ಚನ್ನಪಟ್ಟಣದಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದಿದ್ದೆ, ನಾಲಿಗೆಯ ಬಿಸಿ ಇನ್ನೂ ಆರಿರಲಿಲ್ಲ. ಲೋಕವೆಲ್ಲ ದೇವರದೇ ಆದರೆ ಗುರುತು ಯಾಕೆ, ಕಳೆದುಹೋದೀತೆಂಬ ಹೆದರಿಕೆ ಇದ್ದವರು ತಾನೇ ಗುರುತು ಹಾಕುವುದು, ನಿಮ್ಮ ದೇವರಿಗೂ ಕಳ್ಳರ ಭಯವೇ ಎಂದು ಬಾಗಿಲಿಗೆ ಅಡ್ಡ ನಿಂತು ವಾದಿಸಿದೆ. ಪಕ್ಕದ ಮನೆಯ ನಂಜಕ್ಕ, 'ಮೊದ್ಲು ಇವಳ ಬಾಯ್ಗೊಂದು ಮುದ್ರೆ ಹಾಕ್ಸಿ ಗೌಡ್ರೆ' ಎಂದು ನಕ್ಕಳು. ತಾತ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಹೇಳಿದರು: 'ದೇವ್ರಿಗೆ ಗುರ್ತು ಯಾಕವ್ವ? ಇದು ನಮ್ಗೆ. ನಂದು ನಂದು ಅಂತ ಕೈ ಚಾಚ್ತೀವಲ್ಲ, ಅದ್ಕೆ.'

ನಾನು ಒಪ್ಪಲಿಲ್ಲ. ಹೇಳುವುದು ಸುಲಭ, ನಡೆಯುವುದನ್ನು ನೋಡೋಣ ಎಂದುಕೊಂಡೆ.

ನೋಡುವ ಆ ದಿನ ಎರಡು ವರ್ಷದ ಮೇಲೆ ಬಂತು. ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ ಎದ್ದು, ಗೂಡು ಕಟ್ಟುವ ಮೊದಲು ಹೊಟ್ಟೆಬಾಕನಂತೆ ಮೇಯುವ ವಾರ ಅದು. ತೋಟದಲ್ಲಿ ಉಳಿದಿದ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಕೊಯ್ದು ಚಪ್ಪರದಡಿ ಗುಡ್ಡೆ ಹಾಕಿ ಒದ್ದೆ ಗೋಣಿ ಹೊದಿಸಿದ್ದೆವು. ಬೆಳಗ್ಗೆ ನೋಡಿದರೆ ಮುದ್ರೆ ಬಿದ್ದ ನಮ್ಮದೇ ಬಸವ, ಈಗ ಎತ್ತರದ ಗೂಳಿ, ಅದರ ಮೇಲೆ ನಿಂತು ಮೇಯುತ್ತಿದ್ದ. ಮೇದದ್ದಕ್ಕಿಂತ ತುಳಿದು ಗಲೀಜು ಮಾಡಿದ್ದೇ ಹೆಚ್ಚು. ಅಂಥ ಸೊಪ್ಪನ್ನು ಹುಳು ಮುಟ್ಟದು. ಕೋಲು ಎತ್ತಿದ ನನ್ನ ಮಣಿಕಟ್ಟನ್ನು ತಾತ ಹಿಡಿದರು. 'ಬುಡವ್ವ. ಒಡ್ಯಕೆ ಅದು ನಮ್ದಲ್ಲ.' ಅವನು ಹೊಟ್ಟೆ ತುಂಬಿ ತಾನಾಗಿ ಹೋಗುವವರೆಗೂ ಅವರು ಪಕ್ಕಕ್ಕೆ ಸರಿದು ನಿಂತಿದ್ದರು. ಒಳಗೆ ಹುಳುಗಳು ಖಾಲಿ ತಟ್ಟೆಯಲ್ಲಿ ತಲೆ ಎತ್ತಿ ಹುಡುಕುತ್ತಿದ್ದವು, ಅಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಈಗ ನಿಮ್ಮ ದೇವರು ಇವಕ್ಕೆ ಏನು ಹಾಕುತ್ತಾನೆ ಎಂದು ಕೇಳಿದೆ. ತಾತ ಕೂತು, ತುಳಿದ ಸೊಪ್ಪಿನ ನಡುವೆ ಚೊಕ್ಕಟ ಎಲೆಗಳನ್ನು ಆರಿಸತೊಡಗಿದರು.

ಸ್ವಲ್ಪ ಹೊತ್ತಿಗೆ ನಂಜಕ್ಕ ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಜಗಲಿಗೆ ಕೆಡವಿದಳು. ಬೇಡವೆನ್ನಲು ಬಾಯಿ ತೆರೆದ ತಾತನನ್ನು ಗದರಿದಳು: 'ಅವ್ನೇನು ನಿಮ್ಮೊಬ್ರ ಬಸ್ವನಾ? ನಮ್ಮೊಲ್ದಲ್ಲೂ ಮೇದವ್ನೆ. ಸುಮ್ನೆ ಇಸ್ಕೊಳಿ.' ಅವಳ ಹಿಂದೆ ಬೇರೆ ಮನೆಗಳಿಂದ ಇನ್ನೊಂದು ಹೊರೆ, ಮತ್ತೊಂದು. ಸಂಜೆಯೊಳಗೆ ಚಪ್ಪರ ತುಂಬಿತು, ಹುಳುಮನೆಯಲ್ಲಿ ಸರಸರ ಸದ್ದು ಮತ್ತೆ ಎದ್ದಿತು.

ದೇವರಿದ್ದಾನೆಂದು ಇವತ್ತಿಗೂ ಯಾರೂ ನನ್ನನ್ನು ಒಪ್ಪಿಸಿಲ್ಲ. ಆದರೆ ಗೆದ್ದ ಬಹುಮಾನಗಳ ವಿಷಯ ಎಲ್ಲೂ ಎತ್ತದ ನಾನು, ಸೋತ ಆ ಒಂದು ವಾದವನ್ನು ಎಲ್ಲರೆದುರು ಎದೆಯುಬ್ಬಿಸಿ ಹೇಳುತ್ತೇನೆ. ತಾತ ಹೋದರು. ಬಸವನನ್ನು ಊರವರೇ ಹೊತ್ತು ಕೆರೆಯ ಏರಿಯ ಕೆಳಗೆ ಮಣ್ಣು ಮಾಡಿದರು. ಮೊನ್ನೆ ಹೋಗಿದ್ದೆ. ನಮ್ಮ ಮನೆಯಿದ್ದ ಜಾಗಕ್ಕೂ ಸುತ್ತಲಿನ ಹೊಲಗಳಿಗೂ ತಂತಿಬೇಲಿ, ಬೇಲಿಗೊಂದು ಮಾಲೀಕರ ಹೆಸರಿನ ಫಲಕ. ಒಂದೊಂದನ್ನೇ ಓದುತ್ತ ಊರು ದಾಟಿದೆ. ಎಲ್ಲವೂ ಯಾರದೋ ಆಗಿತ್ತು.