ನೀರಿಗೆ ಕಾಲಂ ಇರಲಿಲ್ಲ

ಜೆರಾಕ್ಸ್ ಯಂತ್ರದಿಂದ ಆಗತಾನೇ ಬಂದ ಬಿಸಿ ಹಾಳೆಯ ವಾಸನೆ ನಿಮಗೂ ಇಷ್ಟವಿರಬಹುದು. ಇವತ್ತು ಚೆನ್ನೈನ ಪೋರೂರಿನ ನಮ್ಮ ಶಾಲೆಯಲ್ಲಿ ಅದು ಮೂಗಿಗೆ ಬಿದ್ದೊಡನೆ ನನ್ನ ಹಳೆಯ ವಿದ್ಯಾರ್ಥಿನಿ ಕಯಲ್ ನೆನಪಾದಳು. ಹಾಳೆಯ ತಲೆಬರಹ ಅದೇ: 'ಜಾಗತಿಕ ಸಾಮರ್ಥ್ಯದ ಮೌಲ್ಯಮಾಪನ'.

ಮೂರು ವರ್ಷದ ಹಿಂದೆ, ಅಥವಾ ನಾಲ್ಕಿರಬಹುದು, ಏಳನೇ ತರಗತಿಯ ಮಕ್ಕಳು ಎಷ್ಟು ಜಾಗತಿಕರು ಎಂದು ನಾನು ಅಳೆಯಬೇಕಾಗಿತ್ತು. ದಾವಣಗೆರೆಯಿಂದ ಬಂದು ಒಂದೇ ಫ್ಲಾಟಿನಲ್ಲಿ ಹನ್ನೊಂದು ವರ್ಷ ಕಳೆದಿದ್ದರೂ ತರಕಾರಿಯವನ ಜೊತೆ ಬೆರಳಲ್ಲೇ ಚೌಕಾಸಿ ಮಾಡುತ್ತಿದ್ದ ನಾನು.

ಹಾಳೆಯಲ್ಲಿದ್ದ ಪ್ರಶ್ನೆ: ಪರದೇಶದ ಅತಿಥಿ ಮನೆಗೆ ಬಂದರೆ ಮೊದಲು ಏನು ಮಾಡುತ್ತೀರಿ? ಅವರ ಸಂಸ್ಕೃತಿಯ ಬಗ್ಗೆ ಪ್ರಶ್ನೆ ಕೇಳಿದರೆ ನಾಲ್ಕು ಅಂಕ. ಎಲ್ಲರೂ ಕೇಳಿದ್ದರು, ಒಬ್ಬನಂತೂ ಅತಿಥಿಯಿಂದ ರಾಷ್ಟ್ರಗೀತೆ ಹಾಡಿಸಿದ್ದ. ಕಯಲ್ ಮಾತ್ರ 'ನೀರು ಕೊಡುತ್ತೇನೆ' ಎಂದು ಬರೆದಿದ್ದಳು. ನೀರಿಗೆ ಕಾಲಂ ಇರಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತೇ ಆಡಿಸದ ಮನೆಯಲ್ಲಿ ಬೆಳೆದ ನಾನು ಒಂದು ಅಂಕ ಹಾಕಿದೆ. ಸಿಂಗಾಪುರಕ್ಕೆ ಹೋಗಲಿದ್ದ ಶಾಲೆಯ ತಂಡಕ್ಕೆ ಸೇರಲು ಮೂರಾದರೂ ಬೇಕಿತ್ತು.

"ಬಿಸಿಲಲ್ಲಿ ಬಂದಿರ್ತಾರೆ ಮಿಸ್. ಬಾಗಿಲಲ್ಲೇ ಪರೀಕ್ಷೆ ಮಾಡೋದಾ?" ಎಂದಳು. ಅವಳ ತಮಿಳನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ; ರುಚಿ ಕೆಟ್ಟಿರಬಹುದು.

ತಪಾಸಣೆಗೆ ಬಂದ ಅಧಿಕಾರಿ ಬಾಯಾರಿ, ಕಯಲ್ ಕೈಯಿಂದ ನೀರು ಕುಡಿದು, ಜ್ಞಾನೋದಯ ಪಡೆದರು ಎಂದು ಬರೆದರೆ ಚೆನ್ನಾಗಿರುತ್ತದೆ. ಅವರ ಬಳಿ ಸ್ಟೀಲ್ ಬಾಟಲಿ ಇತ್ತು. ನೀರಿಗೂ ಒಂದು ಕಾಲಂ ಹಾಕಬಹುದೇ ಎಂದು ನಾನೇ ಕೇಳಿದೆ.

"ಹೊಸ ಕಾಲಂ ಹಾಕಕ್ಕಾಗಲ್ಲ ಮೇಡಂ. ಬೇಕಾದ್ರೆ ಇನ್ನೊಂದ್ಸಲ ಟೆಸ್ಟ್ ಮಾಡಿ. ನೀವೇ ಫಾರಿನರ್ ಆಗಿ," ಎಂದರು.

ಆದೆ. ಕಯಲ್ ಎದುರು ಕೂತಳು.

"ಚೆನ್ನೈಗೆ ಬಂದು ಎಷ್ಟು ವರ್ಷ ಆಯ್ತು ಮಿಸ್?"

"ಹನ್ನೊಂದು."

"ಎದುರುಮನೆಯವರ ಹೆಸರೇನು?"

"ಆಂಟಿ... ಆಂಟಿ ಅಂತೀನಿ."

"ಅವರ ಮನೇಲಿ ಯಾವ ಹಬ್ಬ ಮಾಡ್ತಾರೆ?"

ಕಯಲ್ ಅಧಿಕಾರಿಯತ್ತ ತಿರುಗಿ, "ಇವರು ಇವತ್ತು ಬೆಳಗ್ಗೆ ಬಂದ್ರಾ ಸಾರ್?" ಎಂದಳು.

ಅವರು ನಕ್ಕರೋ ಕೆಮ್ಮಿದರೋ ನೆನಪಿಲ್ಲ. ನಾನು ಒಂದನ್ನು ಹೊಡೆದುಹಾಕಿ ನಾಲ್ಕು ಬರೆದದ್ದು, ಅವಳು ಸಿಂಗಾಪುರಕ್ಕೆ ಹೋದದ್ದು ನೆನಪಿದೆ.

ಅಂದಿನಿಂದ ನಾನು ಬದಲಾದೆ ಎಂದೂ ಬರೆಯಬಹುದಿತ್ತು. ಇವತ್ತು ಸಂಜೆಯವರೆಗೆ ಬದಲಾಗಿರಲಿಲ್ಲ. ಮನೆಗೆ ಬಂದವಳು ಹಾಳೆಗಳ ಕಟ್ಟು ಹಿಡಿದುಕೊಂಡೇ ಎದುರುಮನೆಯ ಬೆಲ್ ಒತ್ತಿದೆ.

"ಎನ್ನಮ್ಮಾ, ಪಾರ್ಕಿಂಗಾ?" ಎಂದರು ಬಾಗಿಲು ತೆರೆದ ಆಂಟಿ. ಪಾರ್ಕಿಂಗ್ ತಕರಾರಿಗಲ್ಲದೆ ನಾನು ಆ ಬೆಲ್ ಒತ್ತಿದ್ದೇ ಇಲ್ಲ.

"ಇಲ್ಲ ಆಂಟಿ," ಎಂದು ಹರಕು ತಮಿಳಿನಲ್ಲಿ ತಡವರಿಸಿದೆ, "ನಿಮ್ಮ ಹೆಸರು ಕೇಳೋಣ ಅಂತ."

ಅವರು ನನ್ನ ಮುಖ ನೋಡಿದರು, ಹಾಳೆಗಳ ಕಟ್ಟು ನೋಡಿದರು, ಗಣತಿಗೆ ಬಂದವಳೆಂದುಕೊಂಡು ನಿಟ್ಟುಸಿರಿಟ್ಟು ಆಧಾರ್ ಕಾರ್ಡ್ ತರಲು ಒಳಗೆ ಹೋದರು.

ನಾನು ಚಪ್ಪಲಿ ಬಿಟ್ಟು ಕಾಯತೊಡಗಿದೆ.